ಫ್ರೀಜರಿನಲ್ಲಿ ಉಳಿದ ಡಬ್ಬಿ

ಫ್ರೀಜರಿನ ಕೆಳಗಿನ ಖಾನೆಯಲ್ಲಿದ್ದ ಐಸ್‌ಕ್ರೀಮ್ ಡಬ್ಬಿಯನ್ನು ಯಾರೂ ಮುಟ್ಟಕೂಡದೆಂದು ಮಿಶೆಲ್ ಮನೆಯವರಿಗೆ ಹೇಳಿಟ್ಟಿದ್ದಳು. ಲಂಡನ್ನಿನ ಹೌನ್ಸ್ಲೋದ ಆ ಮನೆಯಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗೆ ಐಸ್‌ಕ್ರೀಮ್ ಇರುತ್ತಿದ್ದದ್ದು ಅಂಗಡಿಯಿಂದ ತಂದ ದಿನ ಮಾತ್ರ. ಆಮೇಲೆ ಮೀನೋ ಮಾಂಸವೋ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಇದರಲ್ಲಿದ್ದದ್ದು ಲೋಲಾ ಆಸ್ಪತ್ರೆ ಸೇರುವ ಮೊದಲು ಮಾಡಿಟ್ಟ ಅಡೋಬೊ: ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ ಹಾಕಿ ಬೇಯಿಸಿದ ಹಂದಿಮಾಂಸ. ಅವಳ ಕೈಯಡುಗೆಯೆಂದು ಉಳಿದದ್ದು ಅಷ್ಟೇ.

ಲೋಲಾ ಎಂದರೆ ಫಿಲಿಪ್ಪೀನ್ಸ್‌ನವರ ಮಾತಿನಲ್ಲಿ ಅಜ್ಜಿ. ಹೆಸರು ರೆಮೆಡಿಯೋಸ್. ಇಲೊಯಿಲೊ ಕಡೆಯ ಹಳ್ಳಿಯಿಂದ 1974ರಲ್ಲಿ, ಹೋಟೆಲಿನ ಕೋಣೆಗಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಲಂಡನ್ನಿಗೆ ಬಂದವಳು. ಬಂದ ಕೆಲವೇ ವರ್ಷಕ್ಕೆ ಊರಲ್ಲಿ ಅವಳ ತಾಯಿ ತೀರಿಕೊಂಡಳು. ಹೋದರೆ ಕೆಲಸ ಕಾಯುವುದಿಲ್ಲ ಎಂದರು ಹೋಟೆಲಿನವರು, ಅವಳು ಹೋಗಲಿಲ್ಲ. ಅಂದಿನಿಂದ ತಾಯಿ ಮಾಡುತ್ತಿದ್ದ ಅಡೋಬೊದ ರುಚಿ ತರಲು ಹೆಣಗಿದಳು. ಪ್ರತಿ ಸಲವೂ ಸೌಟಿನ ತುದಿ ನೆಕ್ಕಿ, ಬರಲಿಲ್ಲ ಎನ್ನುತ್ತಿದ್ದಳು. ಮಿಶೆಲ್‌ಗೆ ಅದಕ್ಕಿಂತ ರುಚಿಯಾದದ್ದು ಇನ್ನೊಂದಿರಲಿಲ್ಲ. ಕಲಿಸು ಎಂದು ದುಂಬಾಲು ಬಿದ್ದರೆ, ಮೊದಲು ನನಗೆ ಬರಲಿ, ಆಮೇಲೆ ಕಲಿಸುತ್ತೇನೆ ಎಂಬ ಉತ್ತರ.

ಮಿಶೆಲಳ ಅಪ್ಪ ಮ್ಯಾಥ್ಯೂ ನಮ್ಮ ಕರಾವಳಿಯ ಶಿರ್ವದವನು, ಕೆಂಪು ಮೆಣಸಿನ ಮಸಾಲೆಯ ಹಂದಿ ಬಫಾತ್ ಮಾಡುವುದರಲ್ಲಿ ಎತ್ತಿದ ಕೈ. ಅತ್ತೆ ಅಳಿಯನಿಗೆ ಒಂದೇ ಅಡುಗೆಮನೆ, ಒಂದೇ ಫ್ರೀಜರ್, ಒಂದೇ ತರಹದ ಡಬ್ಬಿ. ಅವಳದು ಉಪ್ಪಿನಕಾಯಿ ಮಾಂಸ ಎಂದು ಅವನು ಹಂಗಿಸುತ್ತಿದ್ದ. ಸತ್ತ ಹಂದಿಯನ್ನು ಮೆಣಸಿನಪುಡಿ ಹಾಕಿ ಇನ್ನೊಮ್ಮೆ ಕೊಲ್ಲುತ್ತಾನೆ ಎಂದು ಅವಳು. ಡಬ್ಬಿಗಳ ಮೇಲೆ ಹೆಸರು ಬರೆಯಿರಿ ಎಂದು ಮಿಶೆಲಳ ಅಮ್ಮ ಜೂಲಿಯಾ ಗೋಗರೆದರೂ, ತಮ್ಮದು ತಮಗೆ ಗೊತ್ತಾಗುವುದಿಲ್ಲವೇ ಎಂದು ಇಬ್ಬರೂ ನಕ್ಕುಬಿಟ್ಟಿದ್ದರು.

ಸತ್ತವರು ನಲವತ್ತನೆಯ ದಿನದವರೆಗೆ ಮನೆಯಲ್ಲೇ ಸುಳಿದಾಡುತ್ತಾರೆ, ಅಂದು ಅವರಿಗೊಂದು ತಟ್ಟೆ ಬಡಿಸಿ ಕಳಿಸಿಕೊಡಬೇಕು ಎಂಬುದು ಲೋಲಾಳ ಕಡೆಯವರ ನಂಬಿಕೆ. ಡಬ್ಬಿಯನ್ನು ಕಾದಿಟ್ಟದ್ದು ಆ ದಿನಕ್ಕೆ. ತಟ್ಟೆಗೆ ಒಂದು ತುಂಡು, ಉಳಿದ ಮೂವರಿಗೆ ಒಂದೊಂದು. ಕೊನೆಯ ಸಲ ಆ ರುಚಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಮರೆಯದಂತೆ ನೋಡಿಕೊಳ್ಳಬೇಕೆಂಬುದು ಮಿಶೆಲಳ ಆಸೆ.

ಆ ಬೆಳಿಗ್ಗೆ ಡಬ್ಬಿಯನ್ನು ಹೊರಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಬಿಳಿ ಕೊಬ್ಬು ಕರಗಿ, ಅಂಚಿನಲ್ಲಿ ಕೆಂಪು ಎಣ್ಣೆ ಒಸರಿತು. ಅಡೋಬೊಗೆ ಕೆಂಪು ಬಣ್ಣ ಇರುವುದಿಲ್ಲ.

"ಪಪ್ಪಾ, ಇದು ನಿಮ್ಮ ಬಫಾತ್."

ಮ್ಯಾಥ್ಯೂ ಬೆರಳದ್ದಿ ನಾಲಿಗೆಗಿಟ್ಟುಕೊಂಡ. ಫ್ರೀಜರಿನ ಖಾನೆಗಳನ್ನು ಒಂದೊಂದಾಗಿ ಎಳೆದು ನೋಡಿದ. ಬಟಾಣಿ, ಬ್ರೆಡ್ಡು, ಬೇರೇನೂ ಇಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ.

ಮಣ್ಣು ಮಾಡಿ ಬಂದ ದಿನ ಮನೆ ತುಂಬ ಚರ್ಚಿನವರು, ಕ್ರೋಯ್ಡನ್‌ನಿಂದ ಬಂದ ನೆಂಟರು. ತರಿಸಿದ ಊಟ ಸಾಲದೆ ಅವನು ಫ್ರೀಜರಿನಲ್ಲಿದ್ದ ಎರಡು ಡಬ್ಬಿಗಳಲ್ಲಿ ತನ್ನದೆಂದುಕೊಂಡ ಒಂದನ್ನು ಬಿಸಿ ಮಾಡಿದ್ದ.

"ಹುಳಿ ಜಾಸ್ತಿ ಇತ್ತು, ಮಗಳೇ. ಈ ಸಲ ನನ್ನ ಕೈ ತಪ್ಪಿದೆ ಅಂದ್ಕೊಂಡೆ. ಎರಡು ಚಮಚ ಬಫಾತ್ ಪುಡಿ ಹಾಕಿ ಕುದಿಸಿಬಿಟ್ಟೆ."

ಎಲ್ಲರೂ ಹೊಗಳಿದ್ದರು. ಮ್ಯಾಥ್ಯೂವಿನ ಕೈಗೆ ಇವತ್ತು ಏನೋ ಬಂದಿದೆ ಎಂದು ಯಾರೋ ಎರಡನೆಯ ಸಲ ಹಾಕಿಸಿಕೊಂಡಿದ್ದರು. ಮಿಶೆಲಳೂ ತಿಂದಿದ್ದಳು, ಮೆಟ್ಟಿಲ ಬಳಿ ನಿಂತು, ಒಂದು ಕೈಯಲ್ಲಿ ಫೋನು ಹಿಡಿದು ಸಂತಾಪದ ಮೆಸೇಜುಗಳಿಗೆ ಉತ್ತರ ಕೊಡುತ್ತಾ. ತಟ್ಟೆ ಖಾಲಿಯಾದದ್ದು ನೆನಪಿದೆ. ರುಚಿಯನ್ನು ನೆನೆಯಲು ಈಗ ಕಣ್ಣು ಮುಚ್ಚಿ ನಿಂತಳು. ಬಾಯಿಗೆ ಬಂದದ್ದು ಖಾರ ಮಾತ್ರ.

ಜೂಲಿಯಾ ತಟ್ಟೆಗೆ ಅನ್ನ ಬಡಿಸಿ, ಪಕ್ಕದಲ್ಲಿ ಬಫಾತನ್ನೇ ಹಾಕಿದಳು.

"ಅಮ್ಮ ಬೈಕೊಂಡೇ ತಿಂತಿದ್ಲು," ಎಂದಳು.

ಮ್ಯಾಥ್ಯೂ ನಗಲಿಲ್ಲ. ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡಿದರು. ಉಂಡರು.

ಪಾತ್ರೆ ತೊಳೆಯುವಾಗ ಮಿಶೆಲ್ ಸಿಂಕಿನ ಕೆಳಗಿನ ಕಪಾಟು ತೆರೆದಳು. ತೊಳೆದಿಟ್ಟ ಐಸ್‌ಕ್ರೀಮ್ ಡಬ್ಬಿಗಳು ಒಂದರೊಳಗೊಂದು ಕೂತಿದ್ದವು. ಲೋಲಾಳದೂ ಅದರಲ್ಲೇ ಇರಬೇಕು. ಒಂದೊಂದನ್ನೂ ಎತ್ತಿ ಮೂಗಿಗೆ ಹಿಡಿದಳು. ಎಲ್ಲದರಲ್ಲೂ ಪಾತ್ರೆ ತೊಳೆಯುವ ಸೋಪಿನ ವಾಸನೆ. ಮತ್ತೆ ಒಂದರೊಳಗೊಂದು ಜೋಡಿಸಿ, ಕಪಾಟಿನ ಬಾಗಿಲು ಹಾಕಿದಳು.