ಸುಣ್ಣದ ಮಂಚ

ಗಾಳಿ ಬಂದರೆ ಸುಣ್ಣ ಹಾರುತ್ತದೆ, ಹಾರಿ ಹೋಗಲಿ ಅತ್ತ ಅನ್ನಿಸಿತು ರಮಾಬಾಯಿಗೆ, ಆದರೆ ಶಹಾಬಾದಿನ ಈ ಬಿಸಿಲಿನಲ್ಲಿ ಗಾಳಿ ಎಲ್ಲಿಂದ ಬರಬೇಕು, ಮನೆ ಮಂಜೂರಾದ ಜಾಗವೋ ಅಂಗೈ ಅಗಲ, ಅದರ ಮೇಲೆ ಗೌಂಡಿ ಲಾಲ್ ಅಹ್ಮದ್ ಎರಡು ಮನೆ ಬರೆದಿದ್ದಾನೆ, ಒಂದು ಬಿಳಿ ಸುಣ್ಣದ್ದು, ಒಂದು ಕೆಂಪು ಇಟ್ಟಿಗೆ ಪುಡಿಯದ್ದು, ಒಂದರ ಮೈಮೇಲೆ ಇನ್ನೊಂದು — ಕಾಗದದಾಗ ನಿಮಗ ತಿಳೀಲಿಕ್ಕಿಲ್ಲ ಯಕ್ಕಾ, ಒಳಗ ಅಡ್ಡಾಡಿ ನೋಡ್ರಿ, ಯಾವುದು ಬೇಕೋ ಅದಕ್ಕ ಗೂಟ ಬಡೀತೀನಿ — ಅಡ್ಡಾಡಿದ್ದೂ ಆಯಿತು, ಮುಂಜಾನೆಯೇ ಬಂದು, ಗಂಡ ಏಳುವ ಮೊದಲು, ಕಳ್ಳಿಯ ಹಾಗೆ. ಬಿಳಿ ಮನೆ ಎಂದರೆ ಒಂದೇ ಪಡಸಾಲೆ, ಬಾಗಿಲ ಪಕ್ಕ ಕಿಟಕಿ, ಕಿಟಕಿಯ ಕೆಳಗೆ ಗಂಡ ಭಗವಂತನ ಮಂಚ, ಆ ಮಂಚವನ್ನೂ ಸುಣ್ಣದಲ್ಲೇ ಬರೆದುಬಿಟ್ಟಿದ್ದಾನೆ ಪುಣ್ಯಾತ್ಮ, ನಾಲ್ಕು ಗೆರೆ, ಬರೆಯದಿದ್ದರೆ ಇವನ ಗಂಟೇನು ಹೋಗುತ್ತಿತ್ತು. ಕೆಂಪು ಮನೆಯಲ್ಲಿ ಒಳಗೊಂದು ಕೋಣೆ, ಕೋಣೆಗೆ ಬಾಗಿಲು, ಬಾಗಿಲಿಗೆ ಚಿಲಕ, ಮಗಳು ಲುಂಬಿನಿಗೆ. ಉಳಿದದ್ದರಲ್ಲಿ ಒಲೆ, ಕೊಡ, ಒಬ್ಬರು ಮೈ ಮುದುರಿ ಮಲಗುವಷ್ಟು ಜಾಗ. ಮಂಚ ಹಿಡಿಯುವುದಿಲ್ಲ.

ಮಂಚ ಎಂದರೆ ಅವನು, ಅವನೆಂದರೆ ತೆರೆದ ಬಾಗಿಲು, ಫರ್ಸಿ ಕಲ್ಲಿನ ಗಣಿಯ ಧೂಳು ಕುಡಿದ ಎದೆ ಅದು, ಮುಚ್ಚಿದರೆ ಉಸಿರು ಕಟ್ಟುತ್ತದೆ, ಈಗಿನ ತಗಡಿನ ಮನೆಯಲ್ಲೂ ಹಗಲಿರುಳು ತೆರೆದೇ ಇತ್ತು, ಆ ಬಾಗಿಲಿನಿಂದಲೇ ಒಂದು ರಾತ್ರಿ ಆ ಕೈ ಒಳಗೆ ಬಂದದ್ದು, ಹುಡುಗಿಯ ಕಾಲು ಹಿಡಿದದ್ದು, ಲುಂಬಿನಿ ಚೀರಿದಳು, ಅಪ್ಪ ಮಂಚದ ಮೇಲೆ ಎದ್ದು ಕೂತ, ಕೂಗಲು ಬಾಯಿ ತೆರೆದರೆ ಕೆಮ್ಮೇ ಬಂತು, ಕೆಮ್ಮುತ್ತ ಕೆಮ್ಮುತ್ತ ಅತ್ತುಬಿಟ್ಟ, ಕೈ ಓಡಿಹೋಯಿತು, ಯಾರದೋ ಏನೋ — ಅಂದಿನಿಂದ ಹುಡುಗಿ ಮೊಳಕಾಲು ಎದೆಗೆ ಹಚ್ಚಿ, ಕೂತೇ ನಿದ್ದೆ ಮಾಡುತ್ತಾಳೆ, ಕಾಲೇಜಿಗೆ ಹೋಗಲೊಲ್ಲಳು, ಅವ್ವಾ, ಹೊಸ ಮನ್ಯಾಗ ಚಿಲಕ ಇರ್ತದಲ್ಲ, ಅದೊಂದೇ ಕೇಳುತ್ತಾಳೆ. ಇರ್ತದ ಅಂದಿದ್ದಾಳೆ ರಮಾಬಾಯಿ. ಅಂದಮೇಲೆ ಮುಗಿಯಿತಲ್ಲ. ಕಲಬುರಗಿಯ ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು, ನಿಮ್ಮ ಯಜಮಾನ್ರು ಮಳೆಗಾಲ ದಾಟೋದು ಕಷ್ಟ ಅಂದರು, ಮನೆ ಏಳುವುದು ಚಳಿಗಾಲಕ್ಕೆ — ಲೆಕ್ಕ ಹಾಕಿಬಿಟ್ಟೆಯಲ್ಲೇ, ಹಾಳಾದವಳೇ, ಇನ್ನೂ ಉಣ್ಣುತ್ತಾನೆ, ಇನ್ನೂ ನಿನ್ನ ಹೆಸರು ಹಿಡಿದು ಕರೆಯುತ್ತಾನೆ. ಮುಂಜಾನೆ ಕೆಂಪು ಮನೀನ ಇರಲಿ ಅಂದಾಗ ಲಾಲ್ ಅಹ್ಮದ್ ಮೆಲ್ಲಗೆ ಕೇಳಿದ, ಮತ್ತ ಅಣ್ಣನ ಮಂಚ ಯಕ್ಕಾ? ಮನಿ ಏಳೂತನಕ ಅವರು… ಅಂದಳು, ಅವನು ತಲೆ ತಗ್ಗಿಸಿ ಗೂಟ ತರಲು ಹೋದ.

ಗೂಟ ಬರುವಷ್ಟರಲ್ಲಿ ಆಟೋ ಬಂತು, ಇಳಿದವನು ಗಂಡ. ಬಾ ಅಂದವರಾರು ಇವನಿಗೆ, ಮನೆ ನೋಡುವ ಹುರುಪು ನೋಡು, ನಿಂತು ಉಸಿರೆಳೆದು, ನಡೆದು, ಮತ್ತೆ ನಿಂತು, ಕೆಂಪು ಗೆರೆ ತುಳಿದುಕೊಂಡೇ ಬಂದ, ಅವನ ಕಣ್ಣಿಗೆ ಬಿದ್ದದ್ದು ಬಿಳಿಯೊಂದೇ. ನನ್ನ ಮಂಚ ಏನಿದು? ಗೂಟ ಹೊತ್ತು ಬಂದ ಲಾಲ್ ಅಹ್ಮದ್ ಕೆಂಪು ಗೆರೆಯ ಮೂಲೆಗೆ ನಡೆದ. ಭಗವಂತ ಒಳಗೆ ಕಾಲಿಟ್ಟು ಮೆಲ್ಲಗೆ ಕೂತ, ಇಲ್ಲಿಂದ ರಸ್ತಾ ಕಾಣ್ತದ ನೋಡ ರಮಾ, ಲುಂಬಿನಿ ಹೋಗೂದು ಬರೂದು ಎಲ್ಲಾ ಕಾಣ್ತದ, ನಾ ಇಲ್ಲೇ ಕಾಯ್ಕೋತ ಕುಂದರ್ತೀನಿ — ನಗುತ್ತಾನೆ, ಎಷ್ಟು ದಿನದ ಮೇಲೆ ನಗುತ್ತಾನೆ, ಹೇಳಿಬಿಡು, ಹೇಳಬೇಡ, ಕೋಣೆ ಒಂದಿಷ್ಟು ಸಣ್ಣದು ಮಾಡಿದರೆ, ಆಗುವುದಿಲ್ಲ, ಮುಂಜಾನೆಯಿಂದ ಅದನ್ನೇ ಅಳೆದಳಲ್ಲ — ಯಕ್ಕಾ, ಬಡೀಲೇನ್ರಿ, ಕೆಂಪು ಗೆರೆಯ ಮೂಲೆಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾನೆ ಲಾಲ್ ಅಹ್ಮದ್, ಅವಳ ತಲೆ ತಾನಾಗಿಯೇ ಹೂಂ ಎಂದು ಆಡುತ್ತದೆ, ಗೂಟದ ಮೇಲೆ ಏಟು ಬೀಳುತ್ತದೆ, ಭಗವಂತನಿಗೆ ಅದು ಯಾವ ಮನೆಯ ಗೂಟವೆಂದು ತಿಳಿಯುವುದಿಲ್ಲ, ಸುಣ್ಣ ಅಳಿಸೀತೆಂದು ಕಾಲು ಮಡಚಿಕೊಂಡಿದ್ದಾನೆ, ಮೊಳಕಾಲು ಎದೆಗೆ ಹಚ್ಚಿ, ಮಗಳ ಹಾಗೆಯೇ, ನಾಲ್ಕು ಗೆರೆ, ಒಳಗೆ ಅವನು, ಮತ್ತೊಂದು ಏಟು, ನಾಲ್ಕು ಗೆರೆ.