ಒಂದೇ ಎರಕ

"ಹೆಣಾನ ಯಾರಾದ್ರೂ ಷೋಕೇಸಿನಲ್ಲಿ ಇಟ್ಕೋತಾರಾ?"

ದಿವಾಕರಯ್ಯ ನನ್ನನ್ನು ತಲೆಕೆಳಗಾಗಿ ಹಿಡಿದು ಕೇಳಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಹಳೆಯ ಸಾಮಾನಿನ ವ್ಯಾಪಾರಿ. ನಾನು ಮಾರಾಟವಾಗದ ಸಾಮಾನು.

ನಾನು ಒಂದು ಗೇಣುದ್ದದ ಕಂಚಿನ ಪ್ರತಿಮೆ. ಸತ್ತ ಮಗನನ್ನು ಮಡಿಲಲ್ಲಿ ಹೊತ್ತು ಕುಳಿತ ತಾಯಿ. ನನ್ನ ಮೂಲ ರೋಮ್ ನಗರದ ದೊಡ್ಡ ಇಗರ್ಜಿಯಲ್ಲಿದೆ. ಅಮೃತಶಿಲೆಯದು, ಆಳೆತ್ತರದ್ದು, ಐನೂರು ವರ್ಷ ಹಿಂದಿನದು. ಅದನ್ನು ನೋಡಲು ಬಂದವರು ಊರಿಗೆ ಒಯ್ಯಲೆಂದು ಅಲ್ಲಿನ ಎರಕದವರು ನನ್ನಂಥವರನ್ನು ಎರೆದರು. ಮೇಣ ಕರಗಿಹೋದ ಜಾಗಕ್ಕೆ ಕಾದ ಕಂಚು ಹರಿದಾಗ ತಾಯಿ ಯಾರು, ಮಗ ಯಾರು ಎಂಬ ಭೇದ ನನಗಿರಲಿಲ್ಲ. ತಣಿದ ಮೇಲೆ ತಿಳಿಯಿತು.

ಕೋಲಾರದ ಚಿನ್ನದ ಗಣಿಯ ಬಿಳಿ ಸಾಹೇಬನೊಬ್ಬ ನನ್ನನ್ನು ಕೊಂಡು ತಂದ. ಅವನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತೆ. ಚುಟ್ಟಾ ಮುಗಿದಾಗ ಕಿಡಿಯನ್ನು ಮಗನ ಎದೆಗೆ ಒತ್ತಿ ಆರಿಸುತ್ತಿದ್ದ. ಎಂಜಲ ತುಂಡು ತಾಯಿಯ ಚಾಚಿದ ಅಂಗೈಯಲ್ಲಿ. ನೆನೆದರೆ ಇಂದಿಗೂ ಹೇಸಿಗೆ.

ಸಾಹೇಬರು ದೇಶ ಬಿಟ್ಟು ಹೊರಟಾಗ ನಡೆದ ಹರಾಜಿನಲ್ಲಿ ನಾನು ದಾದಿ ತಿರುಮಲಮ್ಮನ ಪಾಲಾದೆ. ಗಣಿ ಕುಸಿದು ಮಗನನ್ನು ಕಳೆದುಕೊಂಡಿದ್ದವಳು. ನಾನು ಯಾವ ದೇವರೆಂದು ಆಕೆ ಕೇಳಲೇ ಇಲ್ಲ. ಸಂಜೆ ದೀಪ ಹಚ್ಚಿ ರಾಗವಾಗಿ ಪದ್ಯ ಓದುವಳು. ರಣದಲ್ಲಿ ಬಿದ್ದ ಮಗನನ್ನು ತಾಯಿ ಹುಡುಕುವ ಪದ್ಯ ಬಂದರೆ ದನಿ ನಿಲ್ಲುತ್ತಿತ್ತು, ಕೈ ನನ್ನ ಮೇಲೆ ಬರುತ್ತಿತ್ತು. ಶುಕ್ರವಾರಕ್ಕೊಮ್ಮೆ ದೀಪದ ಕಂಬಗಳ ಜೊತೆ ನನಗೂ ಹುಣಸೆಹಣ್ಣಿನ ಸ್ನಾನ. ಎರಕದ ಮನೆಯಲ್ಲಿ ಹಚ್ಚಿದ್ದ ಕಂದು ಬಣ್ಣ ತೊಳೆದುಹೋಯಿತು, ತಾಯಿಯ ಮೂಗು ಸವೆಯಿತು. ಅದಕ್ಕೆ ಬೇಸರವಿಲ್ಲ. ಕೇಳುವುದನ್ನು ನಾನು ಕಲಿತದ್ದು ಆ ಮನೆಯಲ್ಲಿ.

ಆಕೆ ತೀರಿದ ಮೇಲೆ ಪಾತ್ರೆಗಳೊಡನೆ ಗುಜರಿಗೆ ಬಿದ್ದೆ. ಅಲ್ಲಿಂದ ದಿವಾಕರಯ್ಯ ಎತ್ತಿಕೊಂಡ. ಥಳಥಳ ಹೊಳೆಯುವ ನನ್ನನ್ನು ಹಳೆಯದೆಂದು ಯಾರು ನಂಬುತ್ತಾರೆ? ಉಪ್ಪು, ಗಂಜಲ ಬಳಿದು ಸಗಣಿ ಗುಂಡಿಯಲ್ಲಿ ಮೂರು ವಾರ ಹೂತ. ನನಗಿದ್ದ ನಿಜವಾದ ನೂರು ವರ್ಷದ ಮೇಲೆ ಸುಳ್ಳು ನೂರು ವರ್ಷ ಮೆತ್ತಿದ. ಹುಳುಗಳು ಮಗನ ಕಂಕುಳಲ್ಲಿ ಹರಿದಾಡಿದವು. ಗಂಜಲ ದೇವರ ಮನೆಗೂ ಸಲ್ಲುತ್ತದೆ, ಅದು ಹೇಸಿಗೆಯಲ್ಲ. ಅವನ ಕೆಲಸ ಹೇಸಿಗೆ.

ಅಷ್ಟಾದರೂ ಕೊಳ್ಳಲು ಬಂದವರು ಮಗನನ್ನು ಕಂಡು ಕೈ ಹಿಂತೆಗೆದರು. ಒಬ್ಬಾಕೆ, ಇದನ್ನು ಒಯ್ದರೆ ಮನೆಯಲ್ಲಿ ಸೂತಕ ಕೂತ ಹಾಗೆ ಎಂದು ಹೊರಗೆ ಹೋಗಿ ಕೈ ತೊಳೆದುಕೊಂಡಳು.

ಆಗ ಅವನಿಗೆ ಉಪಾಯ ಹೊಳೆಯಿತು. ನನ್ನನ್ನು ಗೋಣಿಯಲ್ಲಿ ಸುತ್ತಿ, ನಾಗಮಂಗಲದಲ್ಲಿ ವಿಗ್ರಹ ಎರೆಯುವ ಮೋನಪ್ಪಾಚಾರರ ಮುಂದಿಟ್ಟ. ಮಗನನ್ನು ಕುಯ್ದು ತೆಗೆದು, ಮಡಿಲನ್ನು ಅರದಿಂದ ನಯಮಾಡಿ, ಅಂಗೈಗೊಂದು ತಾವರೆ ಬೆಸೆಯಬೇಕಂತೆ. ಆಮೇಲೆ ನಾನು ಲಕ್ಷ್ಮಿಯಂತೆ; ಯಾರ ಮನೆಗಾದರೂ ಸಲ್ಲುವೆನಂತೆ.

"ಮಗನ್ನ ಏನ್ಮಾಡ್ತೀರಿ?" ಆಚಾರರು ಕೇಳಿದರು.

"ನೀವೇ ಇಟ್ಕೊಳಿ ಆಚಾರ್ರೇ. ಕರಗಿಸಿ ಗಂಟೆಗೋ ಗಿಂಟೆಗೋ ಹಾಕ್ಕೊಳಿ. ಸತ್ತೋನಿಗೇನು ನೋವಾ?"

ಆಚಾರರು ಹೆಬ್ಬೆರಳಿಗೆ ನೀರು ಮುಟ್ಟಿಸಿ, ಮಗನ ಬೆನ್ನು ಮಡಿಲಿಗೆ ಸೇರುವಲ್ಲಿ ಕಿಲುಬನ್ನು ಒರೆಸಿದರು. ಉಗುರಿನಿಂದ ಆ ಗೆರೆಯುದ್ದಕ್ಕೂ ತಡಕಿದರು. ಗರಗಸ ಅವರ ಮೊಣಕಾಲ ಬಳಿಯೇ ಇತ್ತು. ನನಗೆ ತಿರುಮಲಮ್ಮನ ದನಿ ನಿಲ್ಲುತ್ತಿದ್ದ ಸಾಲು ನೆನಪಾಯಿತು.

"ಬೆಸುಗೇನೇ ಇಲ್ಲ ಇದಕ್ಕೆ," ಎಂದರು ಆಚಾರರು. "ತಾಯಿ ಮಗ ಒಂದೇ ಎರಕ."

ಅದಕ್ಕೇ ತಾನೇ ಗರಗಸ ಇರುವುದು ಎಂದು ದಿವಾಕರಯ್ಯ ನಕ್ಕ. ನೀವು ಕುಯ್ಯದಿದ್ದರೆ ಗರಗಸವನ್ನಾದರೂ ಕೊಡಿ, ನಾನೇ ನೋಡಿಕೊಳ್ಳುತ್ತೇನೆ ಎಂದ.

ಆಚಾರರು ನನ್ನನ್ನು ಗೋಣಿಯ ಮೇಲೆ ನೆಟ್ಟಗೆ ಕೂರಿಸಿದರು.

"ನಾನೂ ಕುಯ್ಯಲ್ಲ, ಗರಗಸಾನೂ ಕೊಡಲ್ಲ. ಎತ್ಕೊಂಡು ಹೋಗಿ."