ಪೆನ್ಸಿಲ್ ಗುರುತು ಹಾಕಿದ ಕಡೆ

ಹದಿನಾರು ವರ್ಷದಿಂದ ನಾನು ಮನೆ ಕಳೆದುಕೊಳ್ಳುವವರ ಪರ ವಕೀಲಿ ಮಾಡುತ್ತಿದ್ದೇನೆ. ಬ್ಯಾಂಕು ಬಾಗಿಲಿಗೆ ಜಪ್ತಿ ನೋಟಿಸು ಅಂಟಿಸಿದ ಮೇಲೆ ಜನ ದೊಡ್ಡಬಳ್ಳಾಪುರದ ನನ್ನ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಅಷ್ಟು ಹೊತ್ತಿಗೆ ಗಡುವು ಮುಗಿಯುತ್ತಾ ಬಂದಿರುತ್ತದೆ. ಚೆನ್ನಾಗಿ ಬೈಯುತ್ತೇನೆ, ಆಮೇಲೆ ಕೇಸು ಹಿಡಿಯುತ್ತೇನೆ. ಆದರೆ ಮನೆಮನೆಯಲ್ಲೂ ಇರುವ ಒಂದು ಪದ್ಧತಿಯನ್ನು ಮಾತ್ರ ನಾನೂ ಬಹಳ ವರ್ಷ ಬೈಯಲಿಲ್ಲ. ಗಂಡಸು ಬೆರಳಿಟ್ಟ ಕಡೆ ಹೆಂಗಸು ಸಹಿ ಹಾಕಬೇಕು, ಏನು ಎತ್ತ ಎಂದು ಕೇಳಬಾರದು.

ವರಲಕ್ಷ್ಮಮ್ಮನದು ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮು, ಹಿಂದೆ ಅಡುಗೆಮನೆ. ಆ ಸದ್ದಿನಲ್ಲೇ ಸಾರಿಗೆ ಒಗ್ಗರಣೆ ಹಾಕಿ, ಬಿಡುವಾದಾಗ ವಾರಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವ ಹೆಂಗಸು. ಮನೆ ಅವಳ ಅಪ್ಪ ಕೊಟ್ಟದ್ದು, ಅವಳ ಹೆಸರಿನಲ್ಲೇ ಇತ್ತು. ಆರು ವರ್ಷದ ಹಿಂದೆ ಗಂಡ ನರಸಿಂಹಯ್ಯ ಒಂದು ಕಟ್ಟು ಕಾಗದ ತಂದಿಟ್ಟ. ಇವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತೊಂಬತ್ತು ಕಡೆ ಸಹಿ ಹಾಕಿದಳು. ಆ ಕಾಗದದ ಮೇಲೆ ಬ್ಯಾಂಕು ಕೊಟ್ಟ ಸಾಲದಲ್ಲಿ ಮೈದುನ ಕಾಂತರಾಜು ನೆಲಮಂಗಲದಲ್ಲಿ ಲಾರಿ ಕೊಂಡ, ಎರಡು ವರ್ಷ ಕಂತು ಕಟ್ಟಿ ನಿಲ್ಲಿಸಿದ. ಮನೆ ಅಡವಿದೆ ಎಂದು ಅವಳಿಗೆ ಗೊತ್ತಾದದ್ದು ಬಾಗಿಲಿಗೆ ನೋಟಿಸು ಅಂಟಿದ ದಿನ.

ಅಲ್ಲಿಂದ ನಲವತ್ತೈದು ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹೋಗಬೇಕು. ನರಸಿಂಹಯ್ಯ ಬಂದದ್ದು ನಲವತ್ತೊಂದನೆಯ ದಿನ. ಅವನು ಹೇಳಿದಂತೆ ಅರ್ಜಿ ಬರೆದು, ನಲವತ್ತನಾಲ್ಕನೆಯ ದಿನ ಹೆಂಡತಿಯನ್ನು ಸಹಿಗೆ ಕರೆಸಿದೆ. ಗಂಡನೂ ಅತ್ತೆ ಅಮ್ಮಯಮ್ಮನೂ ಜೊತೆಗೆ ಬಂದರು. ಅರ್ಜಿ ಇಂಗ್ಲಿಷಿನಲ್ಲಿತ್ತು. ಸಹಿ ಬೀಳಬೇಕಾದ ಕಡೆಯೆಲ್ಲ ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ.

ವರಲಕ್ಷ್ಮಮ್ಮ ಪೆನ್ನು ತೆಗೆದುಕೊಂಡು ಮತ್ತೆ ಕೆಳಗಿಟ್ಟಳು. "ಇದ್ರಲ್ಲಿ ಏನ್ ಬರ್ದಿದ್ದೀರಿ ಮೇಡಂ?"

"ಸುಮ್ನೆ ಹಾಕೇ," ಅಮ್ಮಯಮ್ಮ ಸಿಡುಕಿದಳು. "ನಮ್ಮನೇಲಿ ಹೆಂಗಸ್ರು ಯಾವತ್ತು ಕಾಗ್ದ ಕೇಳವ್ರೆ? ಗಂಡಸ್ರ ಮರ್ವಾದೆ ಏನಾಯ್ತದೆ?"

"ಅವ್ಳಿಗೇನ್ ಗೊತ್ತಾಗ್ತದೆ ಮೇಡಂ, ನಂಗೆ ಹೇಳಿದ್ರೆ ಸಾಕು," ಎಂದ ನರಸಿಂಹಯ್ಯ.

ನನಗೂ ತಾಳ್ಮೆ ಇರಲಿಲ್ಲ. "ಸಹಿ ಹಾಕಮ್ಮ, ಟೈಮಿಲ್ಲ. ನಾಳೆ ಕೊನೇ ದಿನ," ಎಂದೆ.

"ಅವತ್ತೂ ಹಿಂಗೇ ಟೈಮಿಲ್ಲ ಅಂದಿದ್ರು," ಎಂದಳು ಅವಳು. "ಮನೆ ಹೋದ್ರೂ ಹೋಗ್ಲಿ ಮೇಡಂ. ಓದಿ ಹೇಳ್ದೆ ನಾನು ಸಹಿ ಹಾಕಲ್ಲ."

ನನಗೆ ನಾಚಿಕೆಯಾಯಿತು. ಕೂತು ಒಂದೊಂದೇ ಪುಟವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾಲ್ಕನೇ ಪುಟದಲ್ಲಿ, ಬಾಗಿಲಿಗೆ ಅಂಟಿಸುವ ಮುಂಚೆ ಬ್ಯಾಂಕು ಕಳಿಸಿದ್ದ ಮೊದಲ ನೋಟಿಸನ್ನು ಮಾರ್ಚ್ ಹನ್ನೆರಡಕ್ಕೆ ಅವಳೇ ಸಹಿ ಮಾಡಿ ಪಡೆದಳು ಎಂದು ಬರೆದಿದ್ದೆ.

"ಸುಳ್ಳು," ಎಂದಳು. "ಮಾರ್ಚ್ ತಿಂಗ್ಳು ಪೂರ್ತಿ ನಾನು ಸಮೇತನಹಳ್ಳೀಲಿದ್ದೆ, ತಂಗಿ ಬಾಣಂತನಕ್ಕೆ."

ಕಡತದಿಂದ ಬ್ಯಾಂಕಿನ ರಸೀದಿ ತೆಗೆದು ಮುಂದಿಟ್ಟೆ. ಅವಳ ಹೆಸರು ಇತ್ತು, ಅಕ್ಷರ ಅವಳದಲ್ಲ. ನರಸಿಂಹಯ್ಯ ತಲೆ ತಗ್ಗಿಸಿದ. "ನಾನೇ ಹಾಕ್ದೆ ಕಣೆ. ನೋಡಿದ್ರೆ ಗಾಬ್ರಿ ಆಗ್ತೀಯ ಅಂತ."

"ಇದನ್ನೂ ಬರೀರಿ ಮೇಡಂ," ಎಂದಳು ವರಲಕ್ಷ್ಮಮ್ಮ.

"ಕಟ್ಕೊಂಡ್ ಗಂಡನ್ ಮಾನ ಕೋರ್ಟಲ್ಲಿ ಕಳೀತೀಯೇನೇ?" ಎಂದಳು ಅತ್ತೆ.

"ಮನೆ ನಂದು ಅತ್ತೆ. ಬರೀರಿ ಮೇಡಂ."

ಮಾಲಕಿಯ ಕೈಗೆ ನೋಟಿಸೇ ತಲುಪಿಲ್ಲ ಎನ್ನುವುದಕ್ಕಿಂತ ಗಟ್ಟಿಯಾದ ವಾದ ನನಗೆ ಬೇಕಿರಲಿಲ್ಲ. ಅದನ್ನು ನಾನೇ ಬಿಟ್ಟುಕೊಡುತ್ತಿದ್ದೆ. ಎಲ್ಲವನ್ನೂ ಹೊಸದಾಗಿ ಬರೆದೆ. ಅವಳು ಪುಟಪುಟವೂ ಕೇಳಿಸಿಕೊಂಡು ಸಹಿ ಹಾಕಿದಳು. ಕೊನೆಯ ದಿನ ಅರ್ಜಿ ಸಲ್ಲಿಸಿ ಬಂದು ಪೆನ್ಸಿಲನ್ನು ಕಸದ ಬುಟ್ಟಿಗೆ ಹಾಕಿದೆ. ಓದುವ ಅಣ್ಣಂದಿರೇ, ನಿಮ್ಮ ಮನೆಯ ಹೆಂಗಸಿನ ಮುಂದೆ ಕಾಗದ ಇಡುವ ಮೊದಲು ಒಂದು ಕುರ್ಚಿ ಹಾಕಿ. ಕೂತು ಓದಲಿ.

ಮೂರು ವಾರಕ್ಕೆ ಹರಾಜಿಗೆ ತಡೆಯಾಜ್ಞೆ ಸಿಕ್ಕಿತು. ಸಾಲ ಹಾಗೇ ಇದೆ, ಕೇಸೂ ನಡೆಯುತ್ತಿದೆ. ಲಾರಿ ಮಾರಿ ಸಾಲ ಕಟ್ಟು ಎಂದು ಕಾಂತರಾಜುವಿಗೆ ಅವಳೇ ಮುಖಕ್ಕೆ ಹೇಳಿದ್ದಾಳೆ.

ತಡೆಯಾಜ್ಞೆ ಸಿಕ್ಕ ದಿನ ಅದರ ಪ್ರತಿ ಹಿಡಿದು ನಾನೇ ಅವರ ಮನೆಗೆ ಹೋಗಿದ್ದೆ. ನರಸಿಂಹಯ್ಯ ಮಗ್ಗ ನಿಲ್ಲಿಸಿದ. "ಗೆದ್ವಾ ಮೇಡಂ?"

ನಾನು ಉತ್ತರ ಕೊಡುವಷ್ಟರಲ್ಲಿ ವರಲಕ್ಷ್ಮಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನನಗೊಂದು ಕುರ್ಚಿ ಎಳೆದು, ತಾನೂ ಎದುರಿಗೆ ಕೂತಳು.

"ಕೂತ್ಕೊಳ್ಳಿ ಮೇಡಂ. ಮೊದ್ಲು ಓದಿ ಹೇಳಿ."

ಅಮ್ಮಯಮ್ಮನೂ ಒಳಗಿನಿಂದ ಬಂದು ಸೊಸೆಯ ಪಕ್ಕ ಕೂತಳು.